ಏಳೂವರೆ ಸಾವಿರ ಕಿಲೋದ ಗೆರೆ

ಕಳೆದ ದೀಪಾವಳಿ ಮುಗಿದ ಮೇಲೆ ನಮ್ಮ ತಾಲ್ಲೂಕಿನ ನಿವೃತ್ತ ಹೆಡ್‌ಮಾಸ್ತರೊಬ್ಬರು ಹಳೆಯ ಶಾಲಾ ಬಸ್ಸೊಂದನ್ನು ಕೊಂಡರು. ಸೀಟು ಕಿತ್ತು ಎರಡು ಮಂಚ, ಒಂದು ಗ್ಯಾಸ್ ಕಟ್ಟೆ, ನೀರಿನ ಟಾಕಿ, ಹಿಂದೆ ಸಣ್ಣದೊಂದು ಪಾಯಖಾನೆ ಕೂರಿಸಿ, ಹೆಂಡತಿಯನ್ನು ಕರೆದುಕೊಂಡು ಕಾಶಿ, ಪ್ರಯಾಗ ಎಲ್ಲ ಸುತ್ತಿ ಬರುವುದು ಅವರ ಲೆಕ್ಕ. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಶುರುವಾದ ಮೇಲೆ ಮಾಸ್ತರರಿಗೆ ಅನುಮಾನ ಹುಟ್ಟಿತು. ಆರ್‌ಟಿಓ ಕಚೇರಿ ಎದುರಿನ ಏಜೆಂಟನ ಹತ್ತಿರ ಹೋಗಿ, "ನನ್ ಹತ್ರ ಇರೂದು ಕಾರಿನ ಲೈಸೆನ್ಸ್. ಇದಕ್ಕ ನಡೀತದೇನಪಾ?" ಎಂದು ಕೇಳಿದರು. ಅವನು, "ಸ್ವಂತ ಬಳಕೆಗೆ ಅಲ್ರೀ ಸರ, ನಡೀತದ" ಅಂದ. ಪಕ್ಕದ ಟೇಬಲ್ಲಿನವನು, "ಹೆವಿ ಲೈಸೆನ್ಸ್ ಇಲ್ದ ಸ್ಟೇರಿಂಗ್ ಮುಟ್ಟಬ್ಯಾಡ್ರಿ" ಅಂದ. ಮಾಸ್ತರರು ಸೀದಾ ನಮ್ಮ ಹತ್ತಿರ ಬಂದರು. "ಪೇಪರಿನವರು ಅದೀರಿ, ನೀವs ಹೇಳ್ರಿ."

ನಮಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು, ಯಾಕೆಂದರೆ ಈ ವಿಷಯದ ಮೇಲೆ ನಾವೇ 2017ರ ಜುಲೈನಲ್ಲಿ ಒಂದು ಸುದ್ದಿ ಕಳಿಸಿದ್ದೆವು. "ಕಾರು ಲೈಸೆನ್ಸ್‌ನಲ್ಲೇ ಲಾರಿ ಓಡಿಸಬಹುದು: ಸುಪ್ರೀಂ ಕೋರ್ಟ್" ಎನ್ನುವ ತಲೆಬರಹ ನಮ್ಮದೇ. ಆ ತಲೆಬರಹ ತಪ್ಪು. ತೀರ್ಪಿನಲ್ಲಿದ್ದ ಒಂದು ಸಂಖ್ಯೆಯನ್ನು ನಾವು ಬಿಟ್ಟುಬಿಟ್ಟಿದ್ದೆವು. ಆ ಸಂಖ್ಯೆ 7,500. ಅದು ಎಲ್ಲಿಂದ ಬಂತು, ಯಾರ ಮನೆ ಕಾಯಿತು, ಯಾರ ಮನೆ ಮುರಿಯಿತು ಎಂದು ಹುಡುಕುತ್ತ ಹೋದದ್ದರ ಫಲ ಈ ಬರಹ. ಮಾಸ್ತರರ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ, ಆದರೆ ಸ್ವಲ್ಪ ಸುತ್ತಿಕೊಂಡು ಬರಬೇಕು.

ಚಾಲನಾ ಪರವಾನಗಿ ಅನ್ನುವುದು ಮೊದಲಿಗೆ ಕೌಶಲದ ಪ್ರಮಾಣಪತ್ರವೇ ಆಗಿರಲಿಲ್ಲ. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯ್ದೆ ಪರವಾನಗಿಯನ್ನು ಕಡ್ಡಾಯ ಮಾಡಿತು, ಆದರೆ ಪರೀಕ್ಷೆ ಇಡಲಿಲ್ಲ. 17 ವರ್ಷ ತುಂಬಿ, 5 ಷಿಲಿಂಗ್ ಕೊಟ್ಟರೆ ಚೀಟಿ ಕೈಗೆ ಬರುತ್ತಿತ್ತು. ಅಲ್ಲಿ ಎಲ್ಲ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್ 1ರಿಂದ. ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಮೋಟಾರು ಕಾಯ್ದೆ ಬಂದದ್ದು 1914ರಲ್ಲಿ. ಸಣ್ಣ ಕಾಯ್ದೆ ಅದು. 18 ವರ್ಷದೊಳಗಿನವರು ಓಡಿಸಬಾರದು, ಪರವಾನಗಿ ಬೇಕು ಎಂದು ಹೇಳಿ ಹೆಚ್ಚಿನ ವಿವರವನ್ನು ಪ್ರಾಂತ್ಯ ಸರ್ಕಾರಗಳ ನಿಯಮಗಳಿಗೆ ಬಿಟ್ಟಿತು. ಧಾರವಾಡ, ಬೆಳಗಾವಿ ಕಡೆ ಮುಂಬಯಿ ಪ್ರಾಂತ್ಯದ ನಿಯಮ, ಬಳ್ಳಾರಿಗೆ ಮದ್ರಾಸಿನದು. ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ತಮ್ಮ ಪಾಡಿಗೆ ತಾವು.

ನಮಗೆ ಕುತೂಹಲ ಹುಟ್ಟಿಸಿದ್ದು 1939ರ ಕಾಯ್ದೆ. ಅದರ 3ನೇ ಕಲಂ ಇಬ್ಬರು ಚಾಲಕರನ್ನು ಬೇರೆ ಮಾಡುತ್ತದೆ. ತನ್ನ ಗಾಡಿ ತಾನು ಓಡಿಸುವವನು ಒಂದು ಕಡೆ. ಸಂಬಳಕ್ಕೆ ಓಡಿಸುವವನು ಅಥವಾ ಸಾರಿಗೆ ವಾಹನ ಓಡಿಸುವವನು ಇನ್ನೊಂದು ಕಡೆ. ಎರಡನೆಯವನ ಪರವಾನಗಿಯಲ್ಲಿ ಅದಕ್ಕೆ ವಿಶೇಷ ಅನುಮತಿ ಬರೆದಿರಬೇಕು. ಅಂದರೆ ಸಾಹುಕಾರ ತನ್ನ ಕಾರು ತಾನೇ ಓಡಿಸಿದರೆ ಒಂದು ಚೀಟಿ, ಅದೇ ಕಾರನ್ನು ಅವನ ಡ್ರೈವರ್ ಓಡಿಸಿದರೆ ಇನ್ನೊಂದು ಗುರುತು. ಗಾಡಿ ಒಂದೇ, ರಸ್ತೆ ಒಂದೇ, ಅಪಾಯವೂ ಒಂದೇ. ಬೇರೆ ಇದ್ದದ್ದು ಸ್ಟೇರಿಂಗ್ ಹಿಡಿದವನ ಅಂತಸ್ತು. ನಮ್ಮ ಕಡೆ ಇವತ್ತಿಗೂ "ಬ್ಯಾಡ್ಜ್ ಐತೇನು?" ಎಂದು ಕೇಳುವುದರ ಬೇರು ಹುಡುಕಿದರೆ ಈ ವಾಕ್ಯದವರೆಗೆ ಹೋಗಬೇಕಾಗುತ್ತದೆ ಎಂದು ನಮ್ಮ ಅನಿಸಿಕೆ.

ಅದೇ ಕಾಯ್ದೆ ಮೂರನೆಯವರ ವಿಮೆಯನ್ನೂ ತಂದಿತು. ತಕ್ಷಣ ಅಲ್ಲ, ಆ ಅಧ್ಯಾಯವನ್ನು ಕೆಲವು ವರ್ಷ ತಡೆಹಿಡಿದು ಆಮೇಲೆ ಜಾರಿ ಮಾಡಿದರು. ರಸ್ತೆಯಲ್ಲಿ ಸತ್ತವನ ಮನೆಯವರಿಗೆ ವಿಮಾ ಕಂಪನಿ ಹಣ ಕೊಡಬೇಕು, ಆದರೆ ಚಾಲಕನಿಗೆ ತಕ್ಕ ಪರವಾನಗಿ ಇರಲಿಲ್ಲವೆಂದು ಕಂಪನಿ ತೋರಿಸಿಕೊಟ್ಟರೆ ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಇದೆ. ಪರವಾನಗಿಯ ಇತಿಹಾಸ ಆರ್‌ಟಿಓ ಕಚೇರಿ ಬಿಟ್ಟು ಕೋರ್ಟಿಗೆ ಬಂದದ್ದು ಹೀಗೆ. 1956ರ ತಿದ್ದುಪಡಿ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ನಮ್ಮಂಥ ಜಿಲ್ಲಾ ವರದಿಗಾರರು ವಾರಕ್ಕೊಮ್ಮೆ ಇಣುಕುವ ಎಂಎಸಿಟಿ ಕೋರ್ಟು ಅದೇ.

ಅಲ್ಲಿ ಕೂತು ನೋಡಿದ್ದನ್ನು ಸ್ವಲ್ಪ ಹೇಳಬೇಕು. ಕೂಲಿಗೆ ಹೊರಟ ಹೆಣ್ಣುಮಕ್ಕಳಿದ್ದ ಗೂಡ್ಸ್ ಟೆಂಪೋ ಒಂದು ಹಳ್ಳದ ತಿರುವಿನಲ್ಲಿ ಮಗುಚಿತ್ತು. ಎದುರಿಗೆ ಬರುತ್ತಿದ್ದ ಬೈಕಿನವನು ಅದರಡಿ ಸಿಕ್ಕು ತೀರಿಕೊಂಡ. ಅವನ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕಿದಳು. ಟೆಂಪೋ ಚಾಲಕನ ಹತ್ತಿರ ಎಲ್‌ಎಂವಿ ಪರವಾನಗಿ ಇತ್ತು, ಐದಾರು ವರ್ಷದ್ದು. ಆದರೆ ಅದರ ಮೇಲೆ ಸಾರಿಗೆ ವಾಹನ ಎಂಬ ಮುದ್ರೆ ಇರಲಿಲ್ಲ. ವಿಮಾ ಕಂಪನಿಯ ವಕೀಲರು ಬೇರೆ ಯಾವ ವಾದವನ್ನೂ ಮಾಡಲಿಲ್ಲ, ಆ ಇಲ್ಲದ ಮುದ್ರೆಯನ್ನೇ ತೋರಿಸಿದರು. ಕೊನೆಗೆ ಕಂಪನಿ ಮೊದಲು ಹಣ ಕಟ್ಟಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾಯಿತು. 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ಇಂಥ ಆದೇಶಗಳು ರೂಢಿಯಾಗಿದ್ದವು. ವಿಧವೆಗೆ ತಡವಾಗಿಯಾದರೂ ದುಡ್ಡು ಸಿಕ್ಕಿತು. ಟೆಂಪೋ ಮಾಲೀಕ ಎಂದರೆ ದೊಡ್ಡ ಧಣಿಯೇನಲ್ಲ. ಸಾಲ ಮಾಡಿ ಒಂದೇ ಗಾಡಿ ಇಟ್ಟುಕೊಂಡವನು. ವಸೂಲಿಗೆ ಅವನ ಎರಡು ಎಕರೆ ಹೋಯಿತು. ನಾವು ಅದನ್ನು ನಾಲ್ಕು ಸಾಲಿನ ಸುದ್ದಿ ಮಾಡಿದೆವು.

ಈಗ 1988ಕ್ಕೆ ಬರೋಣ. ಹಳೆಯ ಕಾಯ್ದೆ ರದ್ದಾಗಿ ಹೊಸ ಮೋಟಾರು ವಾಹನ ಕಾಯ್ದೆ ಬಂತು, 1989ರ ಜುಲೈ 1ರಿಂದ ಜಾರಿ. ಸಂಬಳದ ಡ್ರೈವರ್ ಎಂಬ ಭೇದ ಹೋಯಿತು, ಸಾರಿಗೆ ವಾಹನ ಎಂಬುದು ಉಳಿಯಿತು. ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿಯ ಮಿತಿ 6,000 ಕಿಲೋ. ಅದರ ಮೇಲೆ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಸರಕು, ಭಾರಿ ಪ್ರಯಾಣಿಕ ಎಂದು ನಾಲ್ಕು ಬೇರೆ ಬೇರೆ ಪರವಾನಗಿ. ಟಾಟಾ 407 ರಸ್ತೆಗೆ ಬಂದು ಆಗಿನ್ನೂ ಎರಡು ಮೂರು ವರ್ಷ. ಜಪಾನಿ ಕಂಪನಿಗಳ ಜೊತೆಗೂಡಿ ಮಾಡಿದ ಸಣ್ಣ ಲಾರಿಗಳೂ ಅದೇ ದಶಕದಲ್ಲಿ ಬಂದವು. ಲಾರಿಯೂ ಅಲ್ಲದ ಕಾರೂ ಅಲ್ಲದ ಈ ಗಾಡಿಗಳು ಹಳ್ಳಿಯ ಸಂತೆ ತಲುಪುತ್ತಿದ್ದ ಕಾಲ.

1994ರಲ್ಲಿ ಸಂಸತ್ತು ತಿದ್ದುಪಡಿ ಮಾಡಿತು. ಪರವಾನಗಿ ಕೊಡುವ ಕ್ರಮವನ್ನು ಸರಳಗೊಳಿಸುವುದು ಅದರ ಉದ್ದೇಶಗಳಲ್ಲಿ ಒಂದು. ಆ ವರ್ಷದ ನವೆಂಬರ್ 14ರಿಂದ ಎಲ್‌ಎಂವಿ ಮಿತಿ 7,500 ಕಿಲೋಗೆ ಏರಿತು. ಮೇಲಿನ ನಾಲ್ಕು ವರ್ಗಗಳನ್ನು ಅಳಿಸಿ "ಸಾರಿಗೆ ವಾಹನ" ಎಂಬ ಒಂದೇ ವರ್ಗ ಬರೆದರು. ಕಾಯ್ದೆಯ 10ನೇ ಕಲಮಿನ ಎರಡನೇ ಉಪಕಲಂ ತೆಗೆದು ನೋಡಿದರೆ ಇವತ್ತಿಗೂ ಆ ಗಾಯ ಕಾಣುತ್ತದೆ. ಎ, ಬಿ, ಸಿ, ಡಿ, ಇ ಆದ ಮೇಲೆ ಸೀದಾ ಐ, ಜೆ. ನಡುವಿನ ಎಫ್, ಜಿ, ಎಚ್ ಇಲ್ಲವೇ ಇಲ್ಲ. ಹಲ್ಲು ಕಿತ್ತ ಬಾಯಿಯ ಹಾಗೆ.

ಸರಳ ಮಾಡಲು ಹೋಗಿ ಗಂಟು ಬಿಗಿಯಿತು. ಎಲ್‌ಎಂವಿಯ ವ್ಯಾಖ್ಯೆಯೊಳಗೆ "ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನ" ಕೂಡ ಸೇರಿದೆ. ಹಾಗಾದರೆ 407 ಓಡಿಸಲು ಡಿ ವರ್ಗದ ಎಲ್‌ಎಂವಿ ಸಾಕೋ, ಇ ವರ್ಗದ ಸಾರಿಗೆ ಅನುಮತಿಯೂ ಬೇಕೋ? ಇದು ಬರೀ ಅಕ್ಷರದ ಜಗಳವಲ್ಲ. ಸಾರಿಗೆ ವಾಹನಕ್ಕೆ ವಯಸ್ಸು 20 ಆಗಿರಬೇಕು, ಒಂದು ವರ್ಷ ಮೊದಲೇ ಎಲ್‌ಎಂವಿ ಇರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು (2019ರ ತಿದ್ದುಪಡಿ ಇದನ್ನು ಐದು ವರ್ಷ ಮಾಡಿತು). ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವೂ ಇತ್ತು, ಅದನ್ನು 2019ರಲ್ಲಿ ಕೈಬಿಟ್ಟರು. ಏಳನೇ ತರಗತಿಗೆ ಶಾಲೆ ಬಿಟ್ಟು ಹದಿನೈದು ವರ್ಷ ಗಾಡಿ ಓಡಿಸಿದವರು ನಮ್ಮ ಊರುಗಳಲ್ಲಿ ಎಷ್ಟು ಜನ! ಅವರ ಪಾಲಿಗೆ ಡಿ ಮತ್ತು ಇ ನಡುವಿನ ಅಂತರ ಬಹಳ ದೊಡ್ಡದು.

ಸುಪ್ರೀಂ ಕೋರ್ಟಿನ ಪೀಠಗಳೇ ಬೇರೆ ಬೇರೆ ದಾರಿ ಹಿಡಿದವು. 2001ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಟ್ರ್ಯಾಕ್ಟರ್ ಪ್ರಕರಣವೊಂದರಲ್ಲಿ, ಟ್ರ್ಯಾಕ್ಟರಿಗೆ ಸರಕಿನ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಚಾಲಕನ ಟ್ರ್ಯಾಕ್ಟರ್ ಪರವಾನಗಿ ಕೆಲಸಕ್ಕೆ ಬಾರದ್ದಾಗುವುದಿಲ್ಲ ಎಂದಿತು ಕೋರ್ಟು. ಓದುವಾಗ ನಮಗೆ ಉಳವಿ ಜಾತ್ರೆಗೂ ಯಲ್ಲಮ್ಮನ ಗುಡ್ಡಕ್ಕೂ ಹೊರಡುವ ಟ್ರ್ಯಾಕ್ಟರುಗಳು ನೆನಪಾದವು. ಟ್ರೇಲರಿಗೆ ತಾಡಪತ್ರಿ ಕಟ್ಟಿ, ಕೆಳಗೆ ಹುಲ್ಲು ಹಾಸಿ, ಒಲೆ, ಪಾತ್ರೆ, ರೊಟ್ಟಿ ಗಂಟು, ಹಾಸಿಗೆ ಎಲ್ಲ ಹೇರಿಕೊಂಡು ನಾಲ್ಕು ದಿನದ ಸಂಸಾರ ಅದರಲ್ಲೇ. ನಮ್ಮ ಕಡೆಯ ಮೋಟರ್‌ಹೋಮ್ ಅಂದರೆ ಅದು. ಜನ ಕೂರುವ ಮಾತು ಬೇರೆಯೇ ತಕರಾರು, ಸರಕಿನ ಟ್ರೇಲರಿನಲ್ಲಿ ಕೂತವರಿಗೆ ಪರಿಹಾರ ಸಿಗುವುದು ಕಷ್ಟ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

2008, 2009ರ ತೀರ್ಪುಗಳು ಮುದ್ರೆ ಬೇಕೇ ಬೇಕು ಎನ್ನುವ ಕಡೆ ವಾಲಿದವು. 2013ರದ್ದು ಬೇಡ ಎಂದಿತು. ಕೊನೆಗೆ 2017ರ ಜುಲೈ 3ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಮುಕುಂದ ದೇವಾಂಗನ್ ಪ್ರಕರಣದಲ್ಲಿ, 7,500 ಕಿಲೋ ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ ಪರವಾನಗಿ ಸಾಕು ಎಂದು ಹೇಳಿತು. ನಮ್ಮ ತಪ್ಪು ತಲೆಬರಹದ ತೀರ್ಪು ಇದೇ. ಮರುವರ್ಷ ಕೇಂದ್ರದ ಸಾರಿಗೆ ಸಚಿವಾಲಯ ಇದನ್ನು ಪಾಲಿಸುವಂತೆ ರಾಜ್ಯಗಳಿಗೆ ಬರೆಯಿತು. ವಿಮಾ ಕಂಪನಿಗಳು ಸುಮ್ಮನಿರಲಿಲ್ಲ. ಕಾಯ್ದೆಯ ಕೆಲವು ಅಂಶಗಳನ್ನು ಆ ಪೀಠ ಗಮನಿಸಿಲ್ಲ ಎಂಬ ವಾದ ಬಂದು, ವಿಷಯ ಐವರ ಸಂವಿಧಾನ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು ಆ ಪೀಠ 2017ರ ನಿಲುವನ್ನೇ ಎತ್ತಿ ಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಹೃಷಿಕೇಶ್ ರಾಯ್. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಎಲ್‌ಎಂವಿ ಸಾಕು. ಸಾರಿಗೆ ವಾಹನದ ಹೆಚ್ಚುವರಿ ಷರತ್ತುಗಳು ಅದಕ್ಕಿಂತ ದೊಡ್ಡ ಗಾಡಿಗಳಿಗೆ. ಇ-ರಿಕ್ಷಾ, ಇ-ಕಾರ್ಟ್ ಮತ್ತು ಅಪಾಯಕಾರಿ ಸರಕಿನ ವಾಹನಗಳಿಗೆ ಅವುಗಳದೇ ನಿಯಮ ಮುಂದುವರಿಯುತ್ತದೆ.

ಸಣ್ಣ ಗಾಡಿ ಚಾಲಕರು ಹೆಚ್ಚು ಅಪಘಾತ ಮಾಡುತ್ತಾರೆ, ಅದಕ್ಕೇ ಮುದ್ರೆ ಬೇಕು ಎನ್ನುವವರಿಗೆ ಕೋರ್ಟು ಹೇಳಿದ್ದು, ಅದನ್ನು ತೋರಿಸುವ ಅಂಕಿಅಂಶ ಯಾರೂ ಮುಂದಿಟ್ಟಿಲ್ಲ ಎಂದು. 2023ರಲ್ಲಿ ದೇಶದ ರಸ್ತೆಗಳಲ್ಲಿ 1.7 ಲಕ್ಷಕ್ಕೂ ಹೆಚ್ಚು ಜನ ಸತ್ತದ್ದನ್ನೂ ಅದೇ ತೀರ್ಪು ನೆನಪಿಸುತ್ತದೆ. ಎರಡು ಎಕರೆ ಕಳೆದುಕೊಂಡ ಟೆಂಪೋ ಮಾಲೀಕನಿಗೆ ಇದರಿಂದ ಏನೂ ಬರಲಿಲ್ಲ. ಅವನ ಪ್ರಕರಣ ಮುಗಿದು ವರ್ಷಗಳೇ ಆಗಿದ್ದವು.

ಇನ್ನು ಮಾಸ್ತರರ ಬಸ್ಸು. ಮನೆಯಂಥ ಗಾಡಿ ನಮ್ಮ ದೇಶಕ್ಕೆ ಹೊಸದೇನಲ್ಲ. 1982ರಲ್ಲಿ ಎನ್.ಟಿ. ರಾಮರಾವ್ ಹಳೆಯ ಷೆವ್ರೊಲೆ ವ್ಯಾನೊಂದನ್ನು ಮಾರ್ಪಡಿಸಿ "ಚೈತನ್ಯ ರಥಂ" ಎಂದು ಹೆಸರಿಟ್ಟು ಆಂಧ್ರ ಸುತ್ತಿದರು. ಓಡಿಸಿದವರು ಮಗ ಹರಿಕೃಷ್ಣ. ಆಮೇಲೆ ಸಿನಿಮಾ ಶೂಟಿಂಗಿನ ಕ್ಯಾರವಾನ್‌ಗಳು ಬಂದವು. ಆದರೆ ಕಾಯ್ದೆ ಈ ಗಾಡಿಗಳನ್ನು ಹೆಸರಿಟ್ಟು ಕರೆದದ್ದು ತಡವಾಗಿ. ಯಾವ ಗಾಡಿ ಸಾರಿಗೆ ವಾಹನ, ಯಾವುದು ಅಲ್ಲ ಎಂದು ಪಟ್ಟಿ ಮಾಡಿ ಕೇಂದ್ರ ಸರ್ಕಾರ 2004ರ ನವೆಂಬರ್ 5ರಂದು ಒಂದು ಅಧಿಸೂಚನೆ ಹೊರಡಿಸಿತು. ಮಜಾ ಏನೆಂದರೆ ಕ್ಯಾಂಪರ್ ವ್ಯಾನ್ ಎರಡೂ ಪಟ್ಟಿಯಲ್ಲಿದೆ. ಬರೀ "ಕ್ಯಾಂಪರ್ ವ್ಯಾನ್" ಎಂದಿದ್ದರೆ ಸಾರಿಗೆ ವಾಹನ. "ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್" ಎಂದಿದ್ದರೆ ಅಲ್ಲ.

ಇದರ ಜೊತೆ ತೂಕದ ಲೆಕ್ಕ ಸೇರಿಸಿ. ಎಲ್‌ಎಂವಿ ವ್ಯಾಖ್ಯೆ ಎರಡು ತಕ್ಕಡಿ ಬಳಸುತ್ತದೆ. ಸಾರಿಗೆ ವಾಹನ ಮತ್ತು ಆಮ್ನಿಬಸ್‌ಗೆ ಒಟ್ಟು ತೂಕ, ಅಂದರೆ ಗಾಡಿ ಹೊರಬಹುದಾದ ಭಾರವೂ ಸೇರಿದ ತೂಕ. ಮೋಟಾರು ಕಾರು, ಟ್ರ್ಯಾಕ್ಟರ್, ರೋಡ್ ರೋಲರ್‌ಗೆ ಬರೀ ಖಾಲಿ ತೂಕ. ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರನ್ನು ಒಯ್ಯಲು ಕಟ್ಟಿದ ಅಥವಾ ಮಾರ್ಪಡಿಸಿದ ಗಾಡಿ ಆಮ್ನಿಬಸ್. ಸಾರಿಗೆ ವಾಹನವೂ ಅಲ್ಲದ, ಆಮ್ನಿಬಸ್ಸೂ ಅಲ್ಲದ, ಟ್ರ್ಯಾಕ್ಟರ್, ರೋಲರ್, ಬೈಕು ಯಾವುದೂ ಅಲ್ಲದ ಗಾಡಿ ಕಾಯ್ದೆಯ ಕಣ್ಣಿಗೆ ಮೋಟಾರು ಕಾರು. ಅದರಲ್ಲಿ ಮಂಚ ಇರಲಿ, ಒಲೆ ಇರಲಿ.

ಮಾಸ್ತರರ ಆರ್‌ಸಿ ತೆಗೆದು ನೋಡಿದೆವು. ಅದರಲ್ಲಿನ್ನೂ ಶಾಲಾ ಬಸ್ಸು, 30 ಸೀಟು, ಒಟ್ಟು ತೂಕ ಎಂಟು ಸಾವಿರ ಕಿಲೋ ಮೇಲೆ. ಕೆಲಸ ಮುಗಿದ ಗಾಡಿಯನ್ನು ಹತ್ತಿ ಮಿಲ್ಲಿನ ಕಾಟಾಕ್ಕೆ ಒಯ್ದು ತೂಗಿಸಿದರೆ 5,960 ಕಿಲೋ. ಅಂದರೆ ಇವತ್ತು, ಈ ಆರ್‌ಸಿಯಲ್ಲಿ, ಅದು ಗೆರೆ ಮೀರಿದ ಸಾರಿಗೆ ವಾಹನ. ಕಾರಿನ ಲೈಸೆನ್ಸಿನಲ್ಲಿ ಓಡಿಸಿದರೆ ಪರವಾನಗಿ ಇಲ್ಲದೆ ಓಡಿಸಿದಂತೆ. ದಂಡ 5,000 ರೂಪಾಯಿ, ಅದು ಸಣ್ಣದು. ದೊಡ್ಡದು ಅಪಘಾತವಾದರೆ ಬರುವುದು. ನಾಳೆ ಆರ್‌ಸಿಯಲ್ಲಿ "ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್, 4 ಸೀಟು" ಎಂದು ತಿದ್ದುಪಡಿಯಾದರೆ, ನಾವು ಕಾಯ್ದೆ ಓದಿಕೊಂಡ ಪ್ರಕಾರ, ಲೆಕ್ಕಕ್ಕೆ ಬರುವುದು ಖಾಲಿ ತೂಕ, ಎಲ್‌ಎಂವಿ ಸಾಕು. ಒಂದು ಬೋಲ್ಟೂ ಬದಲಾಗದೆ ಬರೀ ಕಾಗದ ಬದಲಾದರೆ ಪರವಾನಗಿಯ ವರ್ಗ ಬದಲಾಗುತ್ತದೆ. ಇಬ್ಬರು ಏಜೆಂಟರೂ ಅರ್ಧರ್ಧ ಸರಿ ಹೇಳಿದ್ದರು.

ಆ ಕಾಗದ ಬದಲಾಗುವುದೇ ಕಷ್ಟ. 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿ ಹೇಳಿದೆ. ಮೋಟರ್ ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಮಾನದಂಡವಿದೆ, ಅದರಂತೆ ಅನುಮೋದನೆ ಪಡೆದವರು ಕಟ್ಟಿದರೆ ದಾರಿ ಸಲೀಸು. ವೆಲ್ಡಿಂಗ್ ಅಂಗಡಿಯವನಿಗೆ ಈ ಹೆಸರು ಹೇಳಿದೆವು. "ಅದ್ಯಾವ ಬಸ್ಸಿನ ನಂಬರ್ರೀ?" ಅಂದ.

ಮಾಸ್ತರರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಪ್ಪನ ಪಜೀತಿ ಕೇಳಿ ಅವನು ತನ್ನದೂ ಒಂದು ಹೇಳಿದ. ಅಪ್ಪ ಅಮ್ಮ ಹೋಗಿದ್ದಾಗ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಸ್ಕಾಟ್‌ಲೆಂಡ್ ತೋರಿಸಬೇಕೆಂದಿದ್ದ. ಅವನು ಇಷ್ಟಪಟ್ಟ ದೊಡ್ಡ ಗಾಡಿ ಕೊಡಲಿಲ್ಲ. ಅಲ್ಲಿನ ಸಾಮಾನ್ಯ ಕಾರು ಪರವಾನಗಿ, ಬಿ ವರ್ಗ, 3,500 ಕಿಲೋವರೆಗೆ ಮಾತ್ರ. ಅದಕ್ಕಿಂತ ಮೇಲೆ 7,500ರವರೆಗೆ ಸಿ1 ಎಂಬ ಬೇರೆ ವರ್ಗ, ಅದಕ್ಕೆ ಬೇರೆ ಪರೀಕ್ಷೆ. ಪಕ್ಕದ ಮನೆಯ ಮುದುಕ ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಓಡಿಸಬಲ್ಲ. ಯಾಕೆಂದರೆ 1997ರ ಜನವರಿ 1ಕ್ಕಿಂತ ಮೊದಲು ಪಾಸಾದವರ ಕಾರು ಪರವಾನಗಿಯಲ್ಲಿ 7,500 ಕಿಲೋವರೆಗಿನ ಅನುಮತಿ ತಾನಾಗಿ ಸೇರಿತ್ತು. ಯುರೋಪಿನ ನಿಯಮಕ್ಕೆ ಹೊಂದಿಸಿಕೊಂಡಾಗ ಹಳಬರ ಹಕ್ಕು ಮುಟ್ಟದೆ ಹೊಸಬರಿಗೆ ಮಾತ್ರ ಗೆರೆ ಇಳಿಸಿದರು. ಆದರೆ 70 ವರ್ಷ ತುಂಬಿದ ದಿನ ಆ ಹಕ್ಕೂ ಮುಗಿಯುತ್ತದೆ, ಉಳಿಸಿಕೊಳ್ಳಬೇಕೆಂದರೆ ವೈದ್ಯಕೀಯ ತಪಾಸಣೆ ಆಗಬೇಕು. ಪಿಂಚಣಿ ಬಂದ ಮೇಲೆ ಮೋಟರ್‌ಹೋಮ್ ಕೊಂಡು ಊರೂರು ತಿರುಗುವ ಅಲ್ಲಿನ ಮುದುಕರಿಗೆ ಇದು ದೊಡ್ಡ ತಲೆನೋವಂತೆ.

ಇಲ್ಲಿ ನಮ್ಮವರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ನಮ್ಮ ಎಲ್‌ಎಂವಿ 7,500 ಕಿಲೋವರೆಗೆ ಎಂದುಕೊಂಡು ಹೊರದೇಶದಲ್ಲಿ ದೊಡ್ಡ ಗಾಡಿ ಹತ್ತಬಾರದು. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ 1949ರ ಜಿನೀವಾ ಒಪ್ಪಂದದ ನಮೂನೆಯದು. ಅದರ ಬಿ ವರ್ಗದ ಮಿತಿ 3,500 ಕಿಲೋ, ಚಾಲಕನನ್ನು ಬಿಟ್ಟು 8 ಸೀಟು. ಭಾರತದ ಪರವಾನಗಿ ಇಟ್ಟುಕೊಂಡು ಬ್ರಿಟನ್ನಿನಲ್ಲಿ 12 ತಿಂಗಳು ಓಡಿಸಬಹುದು ಎನ್ನುವ ಅವಕಾಶವೂ ಸಣ್ಣ ವಾಹನಗಳಿಗೇ. ಇಲ್ಲಿ ಹಗುರವಾದದ್ದು ಅಲ್ಲಿ ಲಾರಿ.

ನಾವು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮಾಸ್ತರರ ಮನೆಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಎರಡು ಕಡೆ ಕಾಗುಣಿತ ತಿದ್ದಿದರು. ಆಮೇಲೆ ಬದಲಾವಣೆಯ ಅರ್ಜಿ ಹಾಕಿದರು. ಅದು ಇನ್ನೂ ಕಚೇರಿಯಲ್ಲಿದೆ, ಒಮ್ಮೆ ಫೋಟೋ ಸರಿಯಿಲ್ಲ ಎಂದು ವಾಪಸು ಬಂದಿತ್ತು. ಅದು ಆಗುವವರೆಗೆ ಕಾಯುತ್ತ ಕೂರುವುದೇಕೆ ಎಂದು 61ನೇ ವಯಸ್ಸಿನಲ್ಲಿ ಹೆವಿ ಡ್ರೈವಿಂಗ್ ಶಾಲೆಗೂ ಸೇರಿದ್ದಾರೆ. ಬೆಳಿಗ್ಗೆ ಆರಕ್ಕೆ ಬೈಪಾಸಿನಲ್ಲಿ ಎಲ್ ಬೋರ್ಡಿನ ಲಾರಿ ಕಂಡರೆ ಒಳಗೆ ಅವರಿರುತ್ತಾರೆ. ಪಕ್ಕದಲ್ಲಿ ಕೂತು ಕಲಿಸುವ ಹುಡುಗ ಅವರ ಹಳೆಯ ವಿದ್ಯಾರ್ಥಿ. ಗೇರು ಬದಲಿಸುವಾಗ ಸದ್ದಾದರೆ ಏನೂ ಅನ್ನುವುದಿಲ್ಲವಂತೆ, ಕಿಟಕಿ ಕಡೆ ಮುಖ ತಿರುಗಿಸುತ್ತಾನಂತೆ.